ಗಣಿಯೂ ಗೃಹವೂ

ಶ್ರಮಜೀವಿಗಳ ಬಾಳನ್ನು ತೋರಿಸುವ ಚಲಚ್ಚಿತ್ರದಲ್ಲಿ ಸ್ಥಳಕ್ಕಿಂತ ಸಂಸಾರವೇ ಪ್ರಧಾನವೆಂದು ನಾವು ಬಗೆಯುತ್ತೇವೆ. ವೇಲ್ಸಿನ ಕಲ್ಲಿದ್ದಲ ಗಣಿಗಾರರ ಕಥೆಯಾದ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ ಎಂಬ ಚಿತ್ರವನ್ನು ಜಾನ್ ಫೋರ್ಡರು 1941ರಲ್ಲಿ ತೆಗೆದರು. ಅದರ ಹಳ್ಳಿಯನ್ನು ಕಟ್ಟಿದುದು ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ. ಆದರೂ ಸಂಬಳದ ದಿನ ಮಕ್ಕಳು ತಾಯಿಯ ಮಡಿಲಿಗೆ ಕೂಲಿಯನ್ನು ಹಾಕುವುದನ್ನು ಕಂಡವರಿಗೆ ಅದು ಪರರ ಮನೆಯೆಂದು ತೋರದು.

2018ರ ‘ಕೆ.ಜಿ.ಎಫ್.’ ಚಿತ್ರವಾದರೋ ಕೋಲಾರದ ಚಿನ್ನದ ಗಣಿಯ ನೆಲದಲ್ಲಿಯೇ ತೆಗೆಯಲ್ಪಟ್ಟಿತು. ಕಥೆ ಮಾತ್ರ ವೀರನೊಬ್ಬನ ಕಲ್ಪಿತ ಸಾಹಸ. ಅಲ್ಲಿ ಸುರಂಗಕ್ಕಿಳಿದು ದುಡಿದವರ ಗೃಹಜೀವನವು ಅದರಲ್ಲಿ ಕಾಣದು. ಆ ಗಣಿಯು 2001ರಲ್ಲಿ ಮುಚ್ಚಿತು. ಅದನ್ನು ನೆನೆದು ಹೇಳಬಲ್ಲವರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ.

ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿಯೂ ಕಬ್ಬಿಣದ ಅದಿರನ್ನು ಅಗೆಯುವವರುಂಟು. ಅವರ ಕಥೆಯನ್ನು ತೆಗೆಯಬಯಸುವವರು ಬೆಟ್ಟಕ್ಕಿಂತ ಮೊದಲು ಅವರ ಅಡುಗೆಮನೆಯನ್ನು ನೋಡತಕ್ಕದ್ದು.