ಮೊದಲ ಮೊಟ್ಟೆ ಸ್ಟೆಪ್ನಿ ಅಲ್ಲ

ಪೆಂಗ್ವಿನ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಹಿಮದ ಮೇಲೆ ಗುಂಪಾಗಿ ನಿಂತ, ಪಾದದ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟುಕೊಂಡ ಎಂಪರರ್ ಪೆಂಗ್ವಿನ್. ಅದರ ಪಾಡಿಗೆ ಅದು ಇರಲಿ. ನಾವು ಹೇಳಹೊರಟಿರುವುದು ಅದರ ಜಗಳಗಂಟ ನೆಂಟರ ಬಗ್ಗೆ. ಕೆಂಪು ಕಣ್ಣು, ದಪ್ಪ ಕೊಕ್ಕು, ಹುಬ್ಬಿನಿಂದ ಹೊರಟು ಹಿಂದಕ್ಕೆ ಬಾಚಿದಂತಿರುವ ಹಳದಿ ಗರಿಗಳ ಜುಟ್ಟು. 'ಹ್ಯಾಪಿ ಫೀಟ್' ಸಿನಿಮಾದ ಲವ್‌ಲೇಸ್, 'ಸರ್ಫ್ಸ್ ಅಪ್' ಸಿನಿಮಾದ ಕೋಡಿ ಇಬ್ಬರೂ ಈ ಕುಟುಂಬದವರೇ. ಇಂಗ್ಲಿಷಿನಲ್ಲಿ ಕ್ರೆಸ್ಟೆಡ್ ಪೆಂಗ್ವಿನ್ ಅಂತಾರೆ. ಕನ್ನಡದಲ್ಲಿ ಹೆಸರು ಸಿಗಲಿಲ್ಲ, ಹಾಗಾಗಿ ಈ ಲೇಖನದ ಮಟ್ಟಿಗೆ ಜುಟ್ಟಿನ ಪೆಂಗ್ವಿನ್ ಅನ್ನೋಣ. ನಮ್ಮ ಪಿಕಳಾರದ ಜುಟ್ಟಿನಂತೆ ತಲೆಯ ನಡುವೆ ನಿಲ್ಲುವ ಜುಟ್ಟಲ್ಲ ಇದು, ಎರಡೂ ಕಡೆ ಒಂದೊಂದು.

ಇವುಗಳಲ್ಲಿ ಸಾಮಾನ್ಯವಾಗಿ ಏಳು ಬಗೆ ಎಣಿಸುತ್ತಾರೆ: ಎರಡು ರಾಕ್‌ಹಾಪರ್‌ಗಳು, ಮ್ಯಾಕರೋನಿ, ರಾಯಲ್, ಸ್ನೇರ್ಸ್, ಫಿಯೋರ್ಡ್‌ಲ್ಯಾಂಡ್, ಎರೆಕ್ಟ್-ಕ್ರೆಸ್ಟೆಡ್. (ಮ್ಯಾಕರೋನಿ ಅಂದರೆ ಪಾಸ್ತಾ ಅಲ್ಲ ಮಾರಾಯ್ರೇ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಅತಿಯಾಗಿ ಶೋಕಿ ಮಾಡುವ ಹುಡುಗರನ್ನು ಹಾಗೆ ಕರೆಯುತ್ತಿದ್ದರು. ಜುಟ್ಟು ನೋಡಿ ನಾವಿಕರು ಹಕ್ಕಿಗೂ ಅದೇ ಹೆಸರಿಟ್ಟರು.) ಅಂಟಾರ್ಕ್ಟಿಕಾ ಖಂಡಕ್ಕೂ ಮನುಷ್ಯರ ಊರುಗಳಿಗೂ ನಡುವೆ, ದಕ್ಷಿಣದ ಸಮುದ್ರಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಬಿದ್ದಿರುವ ದ್ವೀಪಗಳಲ್ಲಿ ಹೆಚ್ಚಿನವು ಮರಿ ಮಾಡುತ್ತವೆ. ಫಿಯೋರ್ಡ್‌ಲ್ಯಾಂಡ್ ಪೆಂಗ್ವಿನ್ ಮಾತ್ರ ನ್ಯೂಜಿಲೆಂಡಿನ ನೈಋತ್ಯ ಮೂಲೆಯ ಮಳೆಕಾಡಿನಲ್ಲಿ, ಮರದ ಬೇರುಗಳ ಸಂದಿಯಲ್ಲಿ ಗೂಡು ಮಾಡುತ್ತದೆ. ಪೆಂಗ್ವಿನ್ ಮತ್ತು ಮಳೆಕಾಡು! ಹಿಮ ಕಡ್ಡಾಯ ಅಂದುಕೊಂಡವರು ಒಮ್ಮೆ ಇದರ ಫೋಟೋ ನೋಡಬೇಕು.

ಈಗ ವಿಷಯಕ್ಕೆ ಬರೋಣ. ಈ ಏಳೂ ಬಗೆಯಲ್ಲಿ ಹೆಣ್ಣು ನಾಲ್ಕೈದು ದಿನದ ಅಂತರದಲ್ಲಿ ಎರಡು ಮೊಟ್ಟೆ ಇಡುತ್ತದೆ. ಮೊದಲನೆಯದು ಚಿಕ್ಕದು, ಎರಡನೆಯದು ದೊಡ್ಡದು. ವ್ಯತ್ಯಾಸ ಸಣ್ಣದೇನಲ್ಲ. ಎರೆಕ್ಟ್-ಕ್ರೆಸ್ಟೆಡ್ ಪೆಂಗ್ವಿನ್‌ನಲ್ಲಿ ಎರಡನೇ ಮೊಟ್ಟೆ ಮೊದಲನೆಯದಕ್ಕಿಂತ ಸರಾಸರಿ ಶೇಕಡಾ 85ರಷ್ಟು ದೊಡ್ಡದು. ಒಂದೇ ತಾಯಿ, ಒಂದೇ ವಾರ, ಹೆಚ್ಚುಕಡಿಮೆ ಒಂದಕ್ಕೆರಡು ಗಾತ್ರ! ಹಕ್ಕಿಗಳ ಲೋಕದಲ್ಲಿ ಇಷ್ಟು ವ್ಯತ್ಯಾಸ ಬೇರೆಲ್ಲೂ ಇಲ್ಲ. ಮತ್ತೂ ವಿಚಿತ್ರ ಅಂದರೆ, ಎರಡೂ ಮೊಟ್ಟೆ ಉಳಿದರೆ ಸಾಮಾನ್ಯವಾಗಿ ಆಮೇಲೆ ಇಟ್ಟಿದ್ದೇ ಮೊದಲು ಒಡೆಯುತ್ತದೆ. ಕೊನೆಗೆ ಬೆಳೆದು ಸಮುದ್ರಕ್ಕೆ ಇಳಿಯುವುದು ಬಹುಪಾಲು ಒಂದೇ ಮರಿ, ಅದೂ ಎರಡನೇ ಮೊಟ್ಟೆಯದು. ಮೊದಲನೆಯದು ಉರುಳಿ ಹೋಗುತ್ತದೆ, ಕಾವು ಸಿಗದೆ ತಣ್ಣಗಾಗುತ್ತದೆ, ಇಲ್ಲವೇ ಅಪ್ಪ ಅಮ್ಮನೇ ಹೊರಗೆ ತಳ್ಳುತ್ತಾರೆ.

ಈ ಕೊನೆಯ ಸಾಲು ರೀಲ್ ಮಾಡುವವರಿಗೆ ಹಬ್ಬ. ಈ ಸೆಮಿಸ್ಟರ್‌ನಲ್ಲಿ ನಮ್ಮ ಎಷ್ಟು ಗ್ರೂಪುಗಳಲ್ಲಿ 'ಜಗತ್ತಿನ ಅತಿ ಕೆಟ್ಟ ಅಮ್ಮ' ಅನ್ನೋ ಹೆಸರಲ್ಲಿ ಆ ಹಕ್ಕಿ ಓಡಾಡಿತು ಅಂತ ಲೆಕ್ಕವಿಲ್ಲ. ಅದಕ್ಕೆ ನಮ್ಮವರ ಉತ್ತರ ಇನ್ನೊಂದು ತರಹ: "ಏ, ಅದು ಬ್ಯಾಕಪ್ ಕಣೋ. ರಿಡಂಡೆನ್ಸಿ. ಒಂದು ಫೇಲ್ ಆದರೆ ಇನ್ನೊಂದು." ಅಂದರೆ ಕಾರಿನ ಡಿಕ್ಕಿಯಲ್ಲಿರುವ ಸ್ಟೆಪ್ನಿ ಇದ್ದ ಹಾಗೆ. ಮೊದಲನೆಯದು ಬೈಗುಳ, ಎರಡನೆಯದು ಬುದ್ಧಿವಂತಿಕೆ. ನಮ್ಮ ಅಭಿಪ್ರಾಯ ಕೇಳಿದರೆ ಎರಡೂ ಒಂದೇ ಕಾಯಿಲೆ. ಹಕ್ಕಿ ಮಾಡುವ ಪ್ರತಿಯೊಂದಕ್ಕೂ ಒಂದು ಉದ್ದೇಶ ಇರಲೇಬೇಕು, ಒಂದೋ ಕೆಟ್ಟ ಉದ್ದೇಶ, ಇಲ್ಲ ಜಾಣ ಉದ್ದೇಶ ಅನ್ನುವ ಹಟ.

ಸ್ಟೆಪ್ನಿ ವಾದವನ್ನೇ ಮೊದಲು ನೋಡೋಣ, ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ಕೆಲವು ಹದ್ದುಗಳು ಎರಡು ಮೊಟ್ಟೆ ಇಡುತ್ತವೆ. ಮೊದಲ ಮರಿ ಚೆನ್ನಾಗಿದ್ದರೆ ಎರಡನೆಯದನ್ನು ಕುಕ್ಕಿ ಕೊಲ್ಲುತ್ತದೆ, ಮೊದಲನೆಯದಕ್ಕೆ ಏನಾದರೂ ಆದರೆ ಎರಡನೆಯದು ಬದುಕುತ್ತದೆ. ಅಲ್ಲಿ ಲೆಕ್ಕ ಸರಿಹೋಗುತ್ತದೆ: ಅಸಲಿ ಮೊದಲು, ಸ್ಟೆಪ್ನಿ ಆಮೇಲೆ. ಜುಟ್ಟಿನ ಪೆಂಗ್ವಿನ್‌ಗಳಲ್ಲಿ ಕೂಡ ರಾಕ್‌ಹಾಪರ್, ಫಿಯೋರ್ಡ್‌ಲ್ಯಾಂಡ್‌ಗಳು ಮೊದಲ ಮೊಟ್ಟೆಯನ್ನು ಬಹಳ ದಿನ ಉಳಿಸಿಕೊಳ್ಳುತ್ತವೆ. ದೊಡ್ಡದು ಹಾಳಾದರೆ ಚಿಕ್ಕದರ ಮರಿ ಬೆಳೆಯುವುದೂ ಉಂಟು. ಅಪರೂಪಕ್ಕೆ ಒಳ್ಳೆಯ ವರ್ಷದಲ್ಲಿ ಎರಡೂ ಮರಿ ದಡ ಸೇರಿದ್ದುಂಟು.

ಆದರೆ ಎರೆಕ್ಟ್-ಕ್ರೆಸ್ಟೆಡ್ ಹತ್ತಿರ ಹೋದರೆ ಈ ವಾದ ಪಂಕ್ಚರ್ ಆಗುತ್ತದೆ. ಈ ಹಕ್ಕಿ ಮರಿ ಮಾಡುವುದು ನ್ಯೂಜಿಲೆಂಡಿಗೆ ಸೇರಿದ ಬೌಂಟಿ ಮತ್ತು ಆಂಟಿಪೋಡ್ಸ್ ದ್ವೀಪಗಳಲ್ಲಿ. 1998ರಲ್ಲಿ ಒಟಾಗೊ ವಿಶ್ವವಿದ್ಯಾಲಯದ ಲಾಯ್ಡ್ ಡೇವಿಸ್ ಮತ್ತು ಅವರ ಜೊತೆಗಾರರು ಆಂಟಿಪೋಡ್ಸ್‌ಗೆ ಹೋಗಿ ನೂರಕ್ಕೂ ಹೆಚ್ಚು ಗೂಡುಗಳ ಮೇಲೆ ಕಣ್ಣಿಟ್ಟು ಕೂತರು. ಗೂಡು ಅಂದರೆ ಗೂಡೂ ಅಲ್ಲ, ಬರೀ ಬಂಡೆ. ಶೇಕಡಾ 80ಕ್ಕೂ ಹೆಚ್ಚು ಗೂಡುಗಳಲ್ಲಿ ಮೊದಲ ಮೊಟ್ಟೆ ಕಳೆದುಹೋದದ್ದು ಯಾವಾಗ ಗೊತ್ತಾ? ಎರಡನೇ ಮೊಟ್ಟೆ ಇಡುವ ಮೊದಲು, ಇಲ್ಲವೇ ಇಟ್ಟ ದಿನವೇ. ಅಂದರೆ ಗಾಡಿ ಶೋರೂಮಿನಿಂದ ಹೊರಡುವ ಮೊದಲೇ ಸ್ಟೆಪ್ನಿ ಬಿಸಾಕಿದ ಹಾಗೆ. ಇದನ್ನು ಯಾವ ಬಾಯಲ್ಲಿ ಬ್ಯಾಕಪ್ ಅನ್ನೋಣ?

ಬಂಡೆ ಇಳಿಜಾರು, ಮೊಟ್ಟೆ ಉರುಳಿರಬಹುದು ಅಂತ ನಿಮಗೆ ಅನ್ನಿಸಿರಬಹುದು. ಆ ತಂಡಕ್ಕೂ ಅನ್ನಿಸಿತು. ಕೆಲವು ಗೂಡುಗಳ ಸುತ್ತ ಕಲ್ಲು ಜೋಡಿಸಿ ಬಳೆಯಂತೆ ಕಟ್ಟೆ ಮಾಡಿದರು. ಆದರೂ ಮೊಟ್ಟೆಗಳು ಹೋದವು. ಅಷ್ಟೇ ಅಲ್ಲ, ಮೊದಲ ಮೊಟ್ಟೆ ಬಿದ್ದ ಮೇಲೂ ಹಕ್ಕಿಗಳು ಅದರ ಮೇಲೆ ಸರಿಯಾಗಿ ಕೂತು ಕಾವು ಕೊಡುತ್ತಿರಲಿಲ್ಲ, ಎರಡನೆಯದು ಬಂದ ಮೇಲೆ ಮಾತ್ರ ನಿಷ್ಠೆಯಿಂದ ಕೂತವು. ನಮಗೆ ಈ ಅಧ್ಯಯನದಲ್ಲಿ ಬಹಳ ಇಷ್ಟವಾಗಿದ್ದು ಆ ಕಲ್ಲಿನ ಬಳೆಯೇ. ಗೇಲಿ ಮಾಡುವುದು, ವಾದ ಹೂಡುವುದು ಬಿಟ್ಟು ಒಂದು ವೇರಿಯೆಬಲ್ ತೆಗೆದು ನೋಡಿದರು. ಖರ್ಚು? ಪುಕ್ಕಟೆ ಕಲ್ಲು.

ಇದಕ್ಕೂ ಮುಂಚೆ, 1990ರ ದಶಕದಲ್ಲಿ ಮಕ್ವಾರಿ ದ್ವೀಪದ ರಾಯಲ್ ಪೆಂಗ್ವಿನ್‌ಗಳಲ್ಲೂ ತಾಯಿಯೇ ಮೊದಲ ಮೊಟ್ಟೆಯನ್ನು ಹೊರಗೆ ತಳ್ಳುವುದು ದಾಖಲಾಗಿತ್ತು.

ಹಾಗಾದರೆ ಆ ಚಿಕ್ಕ ಮೊಟ್ಟೆ ಯಾಕೆ? ನಮಗೆ ಒಪ್ಪಿಗೆಯಾಗುವ ಉತ್ತರ ಗ್ಲೆನ್ ಕ್ರಾಸಿನ್ ಮತ್ತು ಟೋನಿ ವಿಲಿಯಮ್ಸ್ ಕೆಲಸದಲ್ಲಿದೆ, ಮತ್ತು ಅದಕ್ಕೆ ಮೊದಲು ಈ ಹಕ್ಕಿಯ ವರ್ಷ ಹೇಗಿರುತ್ತೆ ಅಂತ ಗೊತ್ತಿರಬೇಕು. ಮ್ಯಾಕರೋನಿಯನ್ನೇ ತೆಗೆದುಕೊಳ್ಳಿ. ಮರಿ ಬೆಳೆಸಿ, ಪುಕ್ಕ ಬದಲಿಸಿ ಮುಗಿದ ಮೇಲೆ ಅದು ಸಮುದ್ರಕ್ಕೆ ಇಳಿದರೆ ಸುಮಾರು ಆರು ತಿಂಗಳು ನೆಲ ಮುಟ್ಟುವುದಿಲ್ಲ. ಕೆರ್ಗುಲೆನ್ ದ್ವೀಪದ ಮ್ಯಾಕರೋನಿಗಳಿಗೆ ಜಿಯೋಲೊಕೇಟರ್ ಕಟ್ಟಿ ನೋಡಿದಾಗ ಅವು ಆ ಆರು ತಿಂಗಳಲ್ಲಿ 10,000 ಕಿಲೋಮೀಟರಿಗೂ ಹೆಚ್ಚು ಈಜಿದ್ದು ತಿಳಿಯಿತು. ಎಲ್ಲಿ? ನಮ್ಮ ಮಲ್ಪೆ, ಕಾರವಾರದ ದಡಕ್ಕೆ ಬರುವ ಅರಬ್ಬಿ ಸಮುದ್ರ ಯಾವ ಸಾಗರದ ಭಾಗವೋ ಅದೇ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ. ಇಸಿಇಯವರಿಗೆ ಒಂದು ಅಡ್ಡ ಮಾತು: ಆ ಉಪಕರಣದಲ್ಲಿ ಜಿಪಿಎಸ್ ಇರಲ್ಲ. ಬೆಳಕಿನ ಸೆನ್ಸರ್ ಮತ್ತು ಗಡಿಯಾರ, ಅಷ್ಟೇ. ಹಗಲು ಎಷ್ಟು ಉದ್ದ ಅನ್ನುವುದರಿಂದ ಅಕ್ಷಾಂಶ, ನಡುಹಗಲು ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ರೇಖಾಂಶ. ಕೆಲವೇ ಗ್ರಾಂ ತೂಕ, ತಿಂಗಳುಗಟ್ಟಲೆ ಬ್ಯಾಟರಿ.

ಇಂಥ ಪ್ರಯಾಣ ಮುಗಿಸಿ ಹೆಣ್ಣು ದಡಕ್ಕೆ ಬರುತ್ತದೆ, ಬಂದ ಒಂದೆರಡು ವಾರದಲ್ಲಿ ಮೊಟ್ಟೆ. ಆದರೆ ಒಂದು ಮೊಟ್ಟೆಯ ಹಳದಿ ಭಾಗ ತಯಾರಾಗಲು ಎರಡು ವಾರಕ್ಕೂ ಹೆಚ್ಚು ಬೇಕು. ಲೆಕ್ಕ ಹಾಕಿ ನೋಡಿ. ಮೊದಲ ಮೊಟ್ಟೆಯ ಕೆಲಸ ಶುರುವಾಗುವುದೇ ನಡುಸಮುದ್ರದಲ್ಲಿ, ಹಕ್ಕಿ ಇನ್ನೂ ಜೀವ ಬಿಟ್ಟು ಈಜುತ್ತಿರುವಾಗ. ಈಜುವ ದೇಹ ಬೇರೆ, ಮೊಟ್ಟೆ ಕಟ್ಟುವ ದೇಹ ಬೇರೆ, ಎರಡೂ ಕೆಲಸ ಒಂದೇ ಖಾತೆಯಿಂದ ಖರ್ಚಾಗಬೇಕು. ನಾಲ್ಕೈದು ದಿನ ತಡವಾಗಿ ಶುರುವಾಗುವ ಎರಡನೇ ಮೊಟ್ಟೆಗೆ ನೆಲದ ಮೇಲಿನ ದಿನಗಳು ಹೆಚ್ಚು ಸಿಗುತ್ತವೆ. ಇದು ಬರೀ ಊಹೆ ಅಲ್ಲ. 2010ರಲ್ಲಿ ಅವರು ತೋರಿಸಿದ್ದು ಇದನ್ನೇ: ದಡಕ್ಕೆ ಬಂದ ಕೂಡಲೇ ಅವಸರದಲ್ಲಿ ಮೊಟ್ಟೆ ಇಟ್ಟ ಹೆಣ್ಣುಗಳಲ್ಲಿ ಎರಡು ಮೊಟ್ಟೆಗಳ ನಡುವಿನ ವ್ಯತ್ಯಾಸ ಜಾಸ್ತಿ, ಸ್ವಲ್ಪ ದಿನ ಕಾದು ಇಟ್ಟವುಗಳಲ್ಲಿ ಕಡಿಮೆ. ಯಾರೂ ಚಿಕ್ಕ ಮೊಟ್ಟೆಯನ್ನು 'ಡಿಸೈನ್' ಮಾಡಿಲ್ಲ. ಅದು ಪ್ರಯಾಣದ ಆಯಾಸ, ಚಿಪ್ಪಿನೊಳಗೆ.

ಹಾಗಿದ್ದರೆ ಮೊದಲನೆಯದನ್ನು ಇಡದೇ ಇರಬಹುದಿತ್ತಲ್ಲ ಅಂತ ಕೇಳಬಹುದು. ಎಂಪರರ್ ಮತ್ತು ಕಿಂಗ್ ಪೆಂಗ್ವಿನ್‌ಗಳು ಒಂದೇ ಇಡುತ್ತವೆ, ಅವನ್ನು ಬಿಟ್ಟು ಉಳಿದ ಪೆಂಗ್ವಿನ್‌ಗಳೆಲ್ಲ ಎರಡು. ಜುಟ್ಟಿನವರ ಹಿರಿಯರೂ ಎರಡು ಇಟ್ಟು ಎರಡು ಬೆಳೆಸುತ್ತಿದ್ದವರು, ಆಮೇಲೆ ದೂರದ ಸಮುದ್ರದಿಂದ ಆಹಾರ ತರುವ ಬದುಕಿಗೆ ಬಿದ್ದು ಒಂದು ಮರಿಗೆ ಇಳಿದವರು ಅನ್ನುವುದು ಡೇವಿಸ್ ಅವರ ವಾದ. ಮರಿಯ ಸಂಖ್ಯೆ ಒಂದಾಯಿತು, ಮೊಟ್ಟೆಯ ಸಂಖ್ಯೆ ಎರಡೇ ಉಳಿಯಿತು. ಕಂಪ್ಯೂಟರ್ ಸೈನ್ಸಿನವರು ಇದನ್ನು ಲೆಗಸಿ ಕೋಡ್ ಅಂತ ನಗುತ್ತಾರೆ, ನಗಲಿ, ಬ್ಯಾಕಪ್ ಅನ್ನುವುದಕ್ಕಿಂತ ವಾಸಿ. ಕೋಡ್ ಆದರೆ ಯಾರೋ ಒಬ್ಬ ಸೀನಿಯರ್ ಬಂದು ಅಳಿಸಬಹುದು. ಇಲ್ಲಿ ಅಳಿಸುವವರು ಯಾರೂ ಇಲ್ಲ, ತಲೆಮಾರುಗಳು ಮಾತ್ರ ಇವೆ.

ಇನ್ನು 'ಕೆಟ್ಟ ಅಮ್ಮ'. ಆ ಅಮ್ಮ ಮತ್ತು ಅಪ್ಪ ಎರಡನೇ ಮೊಟ್ಟೆಗೆ ಏನು ಮಾಡುತ್ತಾರೆ ಅನ್ನುವುದು ಆ ರೀಲ್‌ನಲ್ಲಿ ಇಲ್ಲವೇ ಇಲ್ಲ. ಮೊಟ್ಟೆ ಒಡೆಯಲು ಐದು ವಾರ. ಮೊದಲ ಕೆಲವು ದಿನ ಇಬ್ಬರೂ ಜೊತೆಗಿರುತ್ತಾರೆ, ಆಮೇಲೆ ಪಾಳಿ. ಒಂದೊಂದು ಪಾಳಿ ಹತ್ತು ಹನ್ನೆರಡು ದಿನ, ಕೂತವರಿಗೆ ಒಂದು ತುತ್ತೂ ಇಲ್ಲ. ಮರಿ ಹುಟ್ಟಿದ ಮೇಲೆ ಅಪ್ಪ ಸುಮಾರು ಮೂರು ವಾರ ಪಕ್ಕದಿಂದ ಕದಲದೆ ಉಪವಾಸ ಕೂರುತ್ತಾನೆ, ಅಮ್ಮ ಸಮುದ್ರಕ್ಕೆ ಹೋಗಿ ಬಂದು ಒಬ್ಬಳೇ ಉಣಿಸುತ್ತಾಳೆ. ಆಮೇಲೆ ಮರಿಗಳೆಲ್ಲ ಒಟ್ಟಾಗಿ ಗುಂಪು ನಿಲ್ಲುತ್ತವೆ, ಆಗಷ್ಟೇ ಅಪ್ಪನಿಗೆ ಊಟ. ಇಷ್ಟೆಲ್ಲ ಮುಗಿದ ಮೇಲೆ ಪುಕ್ಕ ಬದಲಿಸುವ ಮೂರು ನಾಲ್ಕು ವಾರ ನೀರಿಗೆ ಇಳಿಯುವಂತಿಲ್ಲ, ಮತ್ತೆ ಉಪವಾಸ. ಮೆಸ್‌ನಲ್ಲಿ ಉಪ್ಪಿಟ್ಟು ಎರಡು ದಿನ ಸಾಲಾಗಿ ಬಂದರೆ ಕಂಪ್ಲೇಂಟ್ ಬರೆಯುವ ನಾವು ಈ ಹಕ್ಕಿಯ ತಾಯ್ತನಕ್ಕೆ ಮಾರ್ಕ್ಸ್ ಹಾಕುವುದು ಸ್ವಲ್ಪ ಹೆಚ್ಚಾಯಿತು.

ತಮಾಷೆಯ ರೀಲ್‌ಗೆ ಇಷ್ಟೊಂದು ಯಾಕೆ ಅನ್ನುವವರಿಗೆ ನಮ್ಮ ಉತ್ತರ ಇದು. ಎರೆಕ್ಟ್-ಕ್ರೆಸ್ಟೆಡ್ ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಹಕ್ಕಿಯೇ ಮೊಟ್ಟೆ ಎಸೆಯುತ್ತದೆ ಅಂತ ಕೇಳಿದವರ ತಲೆಗೆ ಮೊದಲು ಬರುವುದೇನು? 'ತಾನೇ ಮಾಡಿಕೊಂಡಿದ್ದು, ಅನುಭವಿಸಲಿ.' ಈ ಮಾತು ಲೆಕ್ಕದಲ್ಲೇ ತಪ್ಪು. ಮ್ಯಾಕರೋನಿ ಕೂಡ ಮೊದಲ ಮೊಟ್ಟೆಯನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಳ್ಳುತ್ತದೆ, ಆದರೂ ಪೆಂಗ್ವಿನ್‌ಗಳಲ್ಲೇ ಅದರ ಸಂಖ್ಯೆ ಹೆಚ್ಚು, 2013ರ ಅಂದಾಜಿನಲ್ಲಿ ಸುಮಾರು 63 ಲಕ್ಷ ಜೋಡಿ. ಮೊಟ್ಟೆ ಎಸೆಯುವುದರಿಂದ ಕುಲ ಅಳಿಯುವುದಾದರೆ ಮೊದಲು ಅಳಿಯಬೇಕಿದ್ದದ್ದು ಇದು. ಆ ಅಭ್ಯಾಸ ಹಳೆಯದು, ಕುಸಿತ ಹೊಸದು. ಹಳೆಯ ಕಾರಣದಿಂದ ಹೊಸ ಫಲ ಬರುವುದು ಹೇಗೆ? ಕಾರಣ ಹುಡುಕಬೇಕಾದ್ದು ಸಮುದ್ರದಲ್ಲಿ, ನೀರಿನ ಬಿಸಿಯಲ್ಲಿ, ಆಹಾರದಲ್ಲಿ. ಅಂದಹಾಗೆ ಅಷ್ಟು ಸಂಖ್ಯೆಯ ಮ್ಯಾಕರೋನಿಯೂ ಕುಸಿಯುತ್ತಿದೆ, ಅದನ್ನೂ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ.

ಹುಡುಕುವವರು ಎಷ್ಟು ಜನ ಅನ್ನುವುದು ಇನ್ನೊಂದು ಪ್ರಶ್ನೆ. ಆಂಟಿಪೋಡ್ಸ್‌ನಲ್ಲಿ 1998ರಲ್ಲಿ ಬರೆದಿಟ್ಟ ಅಂಕಿಗಳು ಪ್ರಬಂಧವಾಗಿ ಹೊರಬಂದದ್ದು 2022ರಲ್ಲಿ. ಇಪ್ಪತ್ತನಾಲ್ಕು ವರ್ಷ! ನಾವು ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಅದು ಹೊರಬಂದಾಗ ಆ ಹಕ್ಕಿಯ ಬಗ್ಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಇರಲಿಲ್ಲ, ಏಕೆಂದರೆ ಆ ದ್ವೀಪಗಳಿಗೆ ಹೋಗುವುದೇ ಕಷ್ಟ, ಹೋದರೆ ಉಳಿಯುವುದು ಇನ್ನೂ ಕಷ್ಟ.

ಮಿನಿ ಪ್ರಾಜೆಕ್ಟ್‌ಗೆ ಇನ್ನೂ ಟಾಪಿಕ್ ಸಿಗದವರು ನಮ್ಮಲ್ಲಿ ಬಹಳ ಜನ ಇದ್ದೀರಿ ಅಂತ ಗೊತ್ತು, ಅಟೆಂಡೆನ್ಸ್ ಸಿಸ್ಟಮ್ಮನ್ನೇ ಐದನೇ ಸಲ ಮಾಡಲು ಹೊರಟವರನ್ನೂ ಸೇರಿಸಿ. ಒಂದು ಕ್ಯಾಮೆರಾ, ಗಾಳಿ ಮಳೆ ಉಪ್ಪುನೀರಿಗೆ ಜಗ್ಗದ ಡಬ್ಬ, ತಿಂಗಳುಗಟ್ಟಲೆ ಬರುವ ಬ್ಯಾಟರಿ, ಮತ್ತು ಮೊಟ್ಟೆ ತಾನಾಗಿ ಉರುಳಿತೋ ಹಕ್ಕಿ ತಳ್ಳಿತೋ ಅಂತ ಬೇರೆ ಮಾಡಿ ಹೇಳುವ ಒಂದು ಪ್ರೋಗ್ರಾಂ. ಪರೀಕ್ಷಿಸಲು ಪೆಂಗ್ವಿನ್ ಬೇಕಿಲ್ಲ. ಹಾಸ್ಟೆಲ್ ಹಿಂದಿನ ಗೋಡೆಯ ಮೇಲೆ ಪಾರಿವಾಳಗಳು ನಾಲ್ಕು ಕಡ್ಡಿ ಇಟ್ಟು ಅದರ ಮೇಲೆ ಎರಡು ಮೊಟ್ಟೆ ಇಟ್ಟು ಕೂತಿವೆ.