ಗಾಂಜಾ, ಮೈನೋವು ಮತ್ತು ನಮ್ಮ ಹೊಲ

"ಗಾಂಜಾದಿಂದ ನೋವಿನ ಔಷಧಿ ಮಾಡುತ್ತಾರಂತೆ, ಕಬ್ಬಿನ ನಡುವೆ ನಾಲ್ಕು ಗಿಡ ಹಾಕಿದರೆ ತಪ್ಪೇನು?" ಎಂದು ಕೇಳುವ ರೈತ ಬಾಂಧವರಿದ್ದಾರೆ. ಮಾತಿನ ಮೊದಲರ್ಧ ಸುಳ್ಳಲ್ಲ. ಗಾಂಜಾದ ಅಮಲಿನ ಅಂಶ ಹಿಡಿದುಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿವೆಯೆಂದು 1988ರಲ್ಲಿ ತಿಳಿಯಿತು. ಆದರೆ ಅವು ಇರುವುದು ಗಾಂಜಾಕ್ಕಾಗಿ ಅಲ್ಲ. ಅವಕ್ಕೆ ಹೊಂದುವ ವಸ್ತುವನ್ನು ದೇಹವೇ ತಯಾರಿಸುತ್ತದೆ. ಜೆರೂಸಲೇಮಿನಲ್ಲಿ ರಾಫೆಲ್ ಮೆಶುಲಂ ಅವರ ತಂಡ 1992ರಲ್ಲಿ ಹಂದಿಯ ಮಿದುಳಿನಿಂದ ಅದನ್ನು ಬೇರ್ಪಡಿಸಿ, ಸಂಸ್ಕೃತದ 'ಆನಂದ'ದಿಂದ 'ಆನಂದಮೈಡ್' ಎಂದು ಹೆಸರಿಟ್ಟಿತು.

ನರಕೋಶವು ಬೇಕಾದಾಗ ಮಾತ್ರ ಇದನ್ನು ತಯಾರಿಸಿ ನೋವಿನ ಸುದ್ದಿಯನ್ನು ತಗ್ಗಿಸುತ್ತದೆ. ಕೆಲಸ ಮುಗಿದೊಡನೆ ಕಿಣ್ವವೊಂದು ಅದನ್ನು ಒಡೆದುಹಾಕುತ್ತದೆ. ಬೇಕಾದ ಪಾತಿಗಷ್ಟೇ ಮಡೆ ತಿರುವಿದಂತೆ. ಗಾಂಜಾವಾದರೋ ಕಾಲುವೆ ಒಡೆದಂತೆ ಎಲ್ಲೆಡೆ ಹರಿದು ತಾಸುಗಟ್ಟಲೆ ನಿಲ್ಲುತ್ತದೆ. ನೆನಪು, ಮೈಯ ಹಿಡಿತ ಎರಡೂ ತಪ್ಪುತ್ತವೆ. ಬಹುಕಾಲದ ನೋವಿಗೆ ಅದರಿಂದ ಸಿಗುವ ಶಮನ ಸಾಧಾರಣವೇ, ಅದೂ ಕೆಲವರಿಗೆ ಮಾತ್ರ.

ಇನ್ನು ಬೇಸಾಯದ ಮಾತು. ಔಷಧಿಗೆ ಬೇಕಾದ ಬೆಳೆಯಲ್ಲಿ ಸತ್ವದ ಪ್ರಮಾಣ ಗಿಡದಿಂದ ಗಿಡಕ್ಕೆ ಒಂದೇ ಸಮನಿರಬೇಕು. ಗಂಡು ಗಿಡದ ಪರಾಗ ಬಿದ್ದರೂ ಸತ್ವ ಕುಗ್ಗುತ್ತದೆ. ಕಬ್ಬಿನ ಮರೆಯ ಗಿಡವನ್ನು ಕೊಳ್ಳಲು ಬರುವವನು ಔಷಧಿ ತಯಾರಕನಲ್ಲ. 1985ರ ಮಾದಕ ವಸ್ತುಗಳ ಕಾಯಿದೆಯಂತೆ ಪರವಾನಗಿಯಿಲ್ಲದೆ ಬೆಳೆದವರಿಗೆ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಪಹಣಿಯಲ್ಲಿರುವುದು ನಿಮ್ಮ ಹೆಸರು.

ಈ ಬೆಳೆಯ ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಅದು ಪರವಾನಗಿ ಪಡೆದ ಸಂಶೋಧನಾ ತಾಕುಗಳಲ್ಲಿ, ಸರ್ಕಾರದ ಖರ್ಚಿನಲ್ಲಿ ನಡೆಯಬೇಕು.