ಕಾಳಿನ ರಾಶಿಗೆ ಇಳಿಯುವ ಮುನ್ನ

2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು, ಬಿಹಾರದಿಂದ ದುಡಿಯಲು ಬಂದಿದ್ದ ಏಳು ಮಂದಿ ಅದರಡಿ ಸಿಲುಕಿ ಸತ್ತರು. ತಪ್ಪು ಯಾರದ್ದೆಂಬುದು ತನಿಖೆಗೆ ಬಿಟ್ಟ ವಿಚಾರ. ಆದರೆ ಇಂಥ ಸಾವಿಗೆ ದುರ್ದೈವವೆಂದು ಹೆಸರಿಟ್ಟು ಕೈತೊಳೆದುಕೊಳ್ಳುವ ರೂಢಿ ಕೊಪ್ಪಳ ಜಿಲ್ಲೆಗೆ ಸಲ್ಲದು. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಿಂದ ಹಿಡಿದು ಕುಷ್ಟಗಿ, ಯಲಬುರ್ಗಾದ ಮೆಕ್ಕೆಜೋಳದ ದಾಸ್ತಾನಿನವರೆಗೆ ಇಲ್ಲಿನ ದುಡಿಮೆಯೆಲ್ಲ ಕಾಳಿನ ರಾಶಿಯ ಸುತ್ತಲೇ ಇದೆ. ಆ ರಾಶಿ ಹೇಗೆ ವರ್ತಿಸುತ್ತದೆಂಬುದು ಹೊಸ ಸಂಗತಿಯೇನಲ್ಲ.

ತೊಟ್ಟಿಯಲ್ಲಿ ನೀರಿನ ಎತ್ತರ ಇಮ್ಮಡಿಯಾದರೆ ತಳದ ಒತ್ತಡವೂ ಇಮ್ಮಡಿಯಾಗುತ್ತದೆ. ಕಾಳಿನ ಲೆಕ್ಕ ಬೇರೆ. ಎತ್ತರದ ಟ್ಯಾಂಕಿಗೆ ಭತ್ತ ಸುರಿಯುತ್ತ ಹೋದರೆ ಒಂದು ಹಂತ ದಾಟಿದ ಮೇಲೆ ತಳದ ಒತ್ತಡ ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲುತ್ತದೆ. ಮಿಕ್ಕ ಭಾರವನ್ನು ಘರ್ಷಣೆಯ ಬಲದಿಂದ ಗೋಡೆ ಹೊರುತ್ತದೆ. ಜರ್ಮನಿಯ ಎಂಜಿನಿಯರ್ ಯಾನ್ಸೆನ್ ಇದನ್ನು 1895ರಲ್ಲೇ ತೋರಿಸಿದ್ದ. ಹಾಗಾಗಿ ತಳ ಗಟ್ಟಿಯಿದ್ದರೆ ಸಾಲದು. ಒಂದೇ ಮಗ್ಗುಲಿನಿಂದ ಕಾಳು ಇಳಿಸಿದರೆ ಒತ್ತಡ ಏರುಪೇರಾಗಿ ಗೋಡೆಯ ತಗಡೇ ಮಡಚಿಕೊಳ್ಳಬಹುದು. ಕೆಳಬಾಯಿಯ ಹತ್ತಿರದ ಕಥೆ ಇನ್ನೂ ಕೆಟ್ಟದ್ದು. ಹಸಿ ಭತ್ತ ಒಂದಕ್ಕೊಂದು ಆತು ಕಮಾನು ಕಟ್ಟಿಕೊಂಡು ಹರಿವು ನಿಲ್ಲುತ್ತದೆ. ಕಮಾನಿನ ಕೆಳಗೆ ಪೊಳ್ಳು, ಮೇಲೆ ನೆಲದಂತೆ ಕಾಣುವ ಪದರ. ಬಿಡಿಸಲೆಂದು ಕೋಲು ಹಿಡಿದು ಹಮಾಲನೊಬ್ಬ ಇಳಿದರೆ ಆ ಪದರ ಅವನ ಸಮೇತ ಕುಸಿಯುತ್ತದೆ. ಸೊಂಟದವರೆಗೆ ಹೂತವನನ್ನು ಕೈಹಿಡಿದು ಎಳೆಯುವುದೇ ಕಷ್ಟ. ಎದೆವರೆಗೆ ಹೂತರೆ, ಉಸಿರು ಬಿಟ್ಟಾಗಲೆಲ್ಲ ತೆರವಾದ ಜಾಗವನ್ನು ಕಾಳು ತುಂಬಿಕೊಂಡು, ಮತ್ತೆ ಎದೆ ಅರಳದಂತೆ ಮಾಡುತ್ತದೆ.

ಹಗೇವಿನಲ್ಲಿ ಜೋಳ ತುಂಬಿಟ್ಟು ಬಾಳಿದ ಸೀಮೆಗೆ ಇದೆಲ್ಲ ಯಾಕೆ ಎಂದು ಹಿರಿಯರು ಕೇಳಬಹುದು. ಹಗೇವಿಗೆ ಸುತ್ತಲಿನ ನೆಲವೇ ಗೋಡೆ. ಕಾಳು ತೆಗೆಯುವುದು ಮೇಲಿನಿಂದ, ಕೆಳಗೆ ಬಾಯಿಯೇ ಇಲ್ಲ. ಅದಕ್ಕೂ ಗಾಳಿಯಾಡಲು ಬಿಟ್ಟೇ ಇಳಿಯುತ್ತಿದ್ದರು. ಹಳೆಯ ಎಚ್ಚರ ಹಳೆಯ ಅಪಾಯಕ್ಕೆ ತಕ್ಕಂತಿತ್ತು, ಉಕ್ಕಿನ ಟ್ಯಾಂಕಿಗೆ ಅದು ಸಾಲದು. ಸುಗ್ಗಿಯ ಒತ್ತಡದಲ್ಲಿ ಯಂತ್ರ ನಿಲ್ಲಿಸಿದರೆ ನಷ್ಟವೆಂಬ ಗಿರಣಿ ಮಾಲೀಕರ ಮಾತನ್ನೂ ತಳ್ಳಿಹಾಕುವಂತಿಲ್ಲ. ಅಕ್ಕಿಯಲ್ಲಿ ಉಳಿಯುವ ಲಾಭ ಅಷ್ಟೇನಿಲ್ಲ. ಆದರೆ ಇಲ್ಲಿ ಬೇಕಾಗಿರುವುದು ಮೈಗೆ ಬಿಗಿಯುವ ಸುರಕ್ಷಾ ಪಟ್ಟಿ, ಹಗ್ಗ, ಮೇಲೆ ಕಾಯುವ ಒಬ್ಬ ಆಳು, ಸ್ವಿಚ್ಚಿಗೊಂದು ಬೀಗ. ನಷ್ಟವಾಗುವುದು ಹೆಚ್ಚೆಂದರೆ ಒಂದರ್ಧ ಗಂಟೆ. ಮುಂಗಾರಿನ ಭತ್ತ ಗಿರಣಿಗೆ ಬರುವ ಮೊದಲೇ ಕಾರ್ಖಾನೆಗಳ ಇಲಾಖೆ ಟ್ಯಾಂಕುಗಳ ಗೋಡೆ ಪರೀಕ್ಷಿಸಲಿ, ಕೆಳಬಾಯಿ ತೆರೆದಿರುವಾಗ ಯಾರನ್ನೂ ಒಳಗಿಳಿಸದಂತೆ ಆದೇಶ ಹೊರಡಿಸಲಿ.